ಹತ್ತೊಂಬತ್ತನೆಯ ಕಲ್ಲು

ನಮ್ಮ ಭಾವನವರು ಪುರಸಭೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದರು. ಅಷ್ಟು ವರ್ಷವೂ ಅವರು ಮಾಡಿದ್ದು ಒಂದೇ ಕೆಲಸ, ಎಣಿಸುವುದು. ಬಕೆಟ್ಟು, ಪೊರಕೆ, ಏಣಿ, ಇಲಿ ಬೋನು, ಕಾಲು ಮುರಿದ ಕುರ್ಚಿ, ಇನ್ನೇನು ಮುರಿಯಲಿರುವ ಕುರ್ಚಿ, ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದು, ಸ್ಟಾಕ್ ರಿಜಿಸ್ಟರಿನ ಸಂಖ್ಯೆಗೆ ತಾಳೆ ನೋಡಿ, "ಟ್ಯಾಲಿ!" ಎಂದು ಕೂಗುವುದು. ಈ ಕೂಗು ಅವರಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕೂಸಿನ ಬೆರಳುಗಳನ್ನು ಎಣಿಸಿ ಅದನ್ನೇ ಕೂಗಿದರಂತೆ. ನರ್ಸು ಬೈದು ಹೊರಗೆ ಕಳಿಸಿದಳಂತೆ. ಊರಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಟ್ಯಾಲಿ ಸಾಹೇಬರ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ.

ನಾನು ಅವರ ಹೆಂಡತಿಯ ತಮ್ಮ. ಕಚೇರಿಯ ಎದುರಿಗೇ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಥೆಯ ಅತಿ ಮುಖ್ಯ ಘಟ್ಟದಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೂ ಎತ್ತಿ ಆಡಬಾರದು.

ಇನ್ನು ಕಲ್ಲುಗಳ ವಿಚಾರ. ಊರ ಹೊರಗೆ ನೀರಿನ ಟ್ಯಾಂಕಿನ ಹಿಂದೆ ಒಂದು ದಿಬ್ಬವಿದೆ. ಅದರ ಮೇಲೆ ಆಳೆತ್ತರದ ಕಲ್ಲುಗಳು ದುಂಡಗೆ ಸುತ್ತುಗಟ್ಟಿ ನಿಂತಿವೆ. ಒಮ್ಮೆ ಒಬ್ಬ ಪ್ರೊಫೆಸರು ಬಂದು, ಇವು ಮೂರು ಸಾವಿರ ವರ್ಷ ಹಳೆಯವು, ಆಗಿನ ಜನ ನಕ್ಷತ್ರ ನೋಡುವುದಕ್ಕೆ ನೆಟ್ಟಿರಬಹುದು, ಇಲ್ಲವೇ ಸತ್ತವರ ನೆನಪಿಗೆ ನೆಟ್ಟಿರಬಹುದು ಎಂದು ಹೇಳಿ ಹೋದರು. ಊರಿಗೆ ಅದು ಹಿಡಿಸಲಿಲ್ಲ. ನಕ್ಷತ್ರ ನೋಡಬೇಕಾದವನು ಕತ್ತು ಎತ್ತಿದರೆ ಸಾಕಲ್ಲ, ಇಷ್ಟು ಭಾರ ಯಾಕೆ ಎತ್ತಬೇಕು ಎಂಬುದು ಊರಿನ ವಾದ. 

ಊರಿನ ಪ್ರಕಾರ ಆ ಕಲ್ಲುಗಳೆಲ್ಲ ಒಂದು ಮದುವೆಯ ಊಟಕ್ಕೆ ಬಂದಿದ್ದ ನೆಂಟರು. ದುಂಡಗೆ ಕೂತು ಉಣ್ಣುತ್ತಿದ್ದಾಗ ಮನೆಯ ಯಜಮಾನ, ಮಹಾ ಜಿಪುಣ, ಬೆರಳು ನೀಡಿ ತಲೆ ಎಣಿಸಿಬಿಟ್ಟ. ನೆಂಟರು ಕೈ ಕೂಡ ತೊಳೆಯದೆ ಎದ್ದು ನಿಂತರು. ಅವಮಾನಕ್ಕೆ ಬಾಯಿಯೂ ಏಳಲಿಲ್ಲ, ಕಾಲೂ ಏಳಲಿಲ್ಲ, ನಿಂತಲ್ಲೇ ಕಲ್ಲಾದರು. ಅಂದಿನಿಂದ ಅವರನ್ನು ಯಾರು ಎಣಿಸುತ್ತಾರೋ ಅವರ ಮನೆಗೆ ಅವರೆಲ್ಲ ಬಂದು, ಅರ್ಧಕ್ಕೆ ಬಿಟ್ಟ ಊಟವನ್ನು ಪೂರ್ತಿ ಮಾಡಿಕೊಂಡು ಹೋಗುತ್ತಾರೆ. ಮೂರು ಸಾವಿರ ವರ್ಷದ ಹಸಿವು. ಹಾಗಾಗಿ ನಮ್ಮೂರಿನಲ್ಲಿ ದಿಬ್ಬದ ಕಡೆ ಯಾರೂ ಬೆರಳು ಸಹ ತೋರಿಸುವುದಿಲ್ಲ, ದಾರಿ ಕೇಳಿದವರಿಗೆ ಗದ್ದ ಎತ್ತಿ ತೋರಿಸುತ್ತಾರೆ.

ಎಪ್ಪತ್ತು ವರ್ಷದ ಹಿಂದೆ ನೀರಿನ ಟ್ಯಾಂಕಿಗೆಂದು ಪುರಸಭೆ ಆ ಜಾಗವನ್ನು ತೆಗೆದುಕೊಂಡಿತು. ಜಾಗದ ಜೊತೆಗೆ ಅದರ ಮೇಲಿದ್ದದ್ದೂ ಪುರಸಭೆಯದೇ ಆಯಿತು. ಆಗಿನ ಯಾವನೋ ಗುಮಾಸ್ತ ಸ್ಟಾಕ್ ರಿಜಿಸ್ಟರಿನ ನಲವತ್ತೊಂದನೆಯ ಪುಟದಲ್ಲಿ ಬರೆದಿಟ್ಟ: "ಏಣಿ, ಮರದ್ದು, ಮೂರು. ನಿಂತ ಕಲ್ಲು, ಹಳೆಯದು, ಹದಿನೆಂಟು. ನೀರಿನ ಕ್ಯಾನು, ತಗಡಿನದು, ಒಂಬತ್ತು." ಆ ಗುಮಾಸ್ತನ ಮನೆಗೆ ಯಾರಾದರೂ ಊಟಕ್ಕೆ ಬಂದರೋ ಇಲ್ಲವೋ ದಾಖಲೆಯಿಲ್ಲ. ಪ್ರತಿ ವರ್ಷ ಆ ಪುಟದ ಕೆಳಗೆ "ಖುದ್ದಾಗಿ ಸ್ಥಳಕ್ಕೆ ಹೋಗಿ ಎಣಿಸಿ ನೋಡಲಾಗಿ ಸರಿಯಿದೆ" ಎಂದು ಬರೆದು ಸಹಿ ಹಾಕಬೇಕು. ನಮ್ಮ ಭಾವ ಆ ಸಹಿಯನ್ನು ಇಪ್ಪತ್ತೈದು ಸಲ ಹಾಕಿದ್ದರು. ಇಪ್ಪತ್ತೈದು ಸಲವೂ ಕುರ್ಚಿಯಿಂದ ಎದ್ದಿರಲಿಲ್ಲ. ಪೊರಕೆಯ ಕಡ್ಡಿ ಎಣಿಸುವ ಮನುಷ್ಯ ಕಲ್ಲಿನ ವಿಷಯದಲ್ಲಿ ಮಾತ್ರ ಹಿಂದಿನವರನ್ನು ಪೂರ್ತಿ ನಂಬಿದ್ದರು.

ನಿವೃತ್ತಿಗೆ ನಾಲ್ಕು ದಿನ ಇರುವಾಗ ಭಾವ ಕ್ಷೌರಕ್ಕೆ ಹೋದರು. ಜೊತೆಗೆ ನಾನೂ ಇದ್ದೆ. ಕ್ಷೌರಿಕ ಅವರ ಕತ್ತಿನ ಹತ್ತಿರ ಕತ್ತಿ ಹಿಡಿದು ಕೇಳಿದ, "ಅಲ್ಲಾ ಸಾರ್, ಇಷ್ಟು ವರ್ಷ ಆ ಕಲ್ಲುಗಳನ್ನ ಎಣಿಸಿದೀರಲ್ಲ, ಒಂದು ಸಲಾನೂ ನಿಮ್ಮನೆಗೆ ಯಾರೂ ಊಟಕ್ಕೆ ಬರ್ಲಿಲ್ವಾ?"

ಕತ್ತಿಯ ಕೆಳಗೆ ಕೂತವರು ನಿಜ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ಭಾವ ಎರಡನ್ನೂ ಮಾಡಲಿಲ್ಲ.

"ಯಾರು ಬರ್ತಾರೆ? ಕಲ್ಲಿಗೆ ಹೊಟ್ಟೆ ಇದೆಯೇನಯ್ಯಾ? ನನ್ನ ಕಣ್ಣಾರೆ, ಈ ಬೆರಳಲ್ಲೇ, ಪ್ರತಿ ವರ್ಷ ಎಣಿಸಿದೀನಿ. ಈ ಸಲ ನೋಡ್ತಾ ಇರು, ಹೋಗೋಕೆ ಮುಂಚೆ ಒಂದೊಂದಕ್ಕೂ ನಂಬರ್ ಬರೆದೇ ಹೋಗ್ತೀನಿ. ಮುಂದೆ ಬರೋರು ಎಣಿಸೋ ಕಷ್ಟಾನೇ ಇರಬಾರದು."

ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು. ಇನ್ನು ಭಾವ ಹಿಂದೆ ಸರಿಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೂ ದಿಬ್ಬ ಹತ್ತಿದೆವು. ಭಾವನ ಕೈಯಲ್ಲಿ ಕುಂಚ, ನನ್ನ ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಊಟದ ಡಬ್ಬಿ. ಟ್ಯಾಂಕಿನ ಕಾವಲುಗಾರ ನಮ್ಮನ್ನು ಕಂಡವನೇ ಬೇರೆ ಕಡೆ ಮುಖ ತಿರುಗಿಸಿ ನಿಂತ. ಭಾವ ಮೊದಲ ಕಲ್ಲಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಅದರ ಹೊರಮೈ ಮೇಲೆ ಗೇಣುದ್ದದ "ಒಂದು" ಬರೆದರು. ಆಮೇಲೆ ಸುತ್ತಿನ ಹೊರಗಿನಿಂದಲೇ ಎರಡು, ಮೂರು, ನಾಲ್ಕು. ಒಂದೊಂದಕ್ಕೂ ಹಿಂದೆ ಸರಿದು, ಕತ್ತು ಓರೆಮಾಡಿ ನೋಡಿ, ಅಂಕಿಯ ಬಾಲ ತಿದ್ದುವುದು. ಏಳು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಊಟ ಮಾಡಿದೆವು. ಹೊಟ್ಟೆ ತುಂಬಿದ ಮೇಲೆ ನನಗೆ ಒಂದು ಕಲ್ಲಿನ ಬುಡದಲ್ಲಿ ಒಳ್ಳೆ ನೆರಳು ಸಿಕ್ಕಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಭಾವ ಸುತ್ತಿನ ಒಳಗೆ ನಿಂತಿದ್ದರು. ಹೊರಗೆ ಬಿಸಿಲು ತಡೆಯಲಾರದೆ, ಎಂಟರಿಂದ ಮುಂದಕ್ಕೆ ಒಳಗಡೆ ನೆರಳಿನಲ್ಲೇ ನಿಂತು ಬರೆದುಕೊಂಡು ಬಂದಿದ್ದರಂತೆ. ಅವರ ಎದುರಿನ ಕಲ್ಲಿನ ಮೇಲೆ ಹಸಿಹಸಿಯಾಗಿ "ಹತ್ತೊಂಬತ್ತು" ಎಂದಿತ್ತು.

"ಏನಯ್ಯಾ ಇದು," ಎಂದರು, ಪಿಸುದನಿಯಲ್ಲಿ. "ಒಂದು ಜಾಸ್ತಿ ಇದೆ."

"ಇನ್ನೊಂದ್ಸಲ ಎಣಿಸಿ ಭಾವ."

"ಎಣಿಸೋದೇನು? ನಂಬರೇ ಬರ್ದಿದೀನಲ್ಲ! ಕಾಣಲ್ವಾ, ಹತ್ತೊಂಬತ್ತು!"

ನಾನೇ ಎಣಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದೇ ಕೋಣೆ, ಆರೇ ತಟ್ಟೆ. ಸುಮ್ಮನೆ ಡಬ್ಬಿ ಎತ್ತಿಕೊಂಡು ಅವರ ಹಿಂದೆ ನಡೆದೆ.

ಮರುದಿನ ಭಾವ ಮುಖ್ಯಾಧಿಕಾರಿಗಳ ಕೋಣೆಗೆ ಹೋದರು. ನಾನು ಅಲ್ಲಿಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ನೆಪದಲ್ಲಿ ಸ್ಟೂಲಿನ ಮೇಲೆ ನಿಂತಿದ್ದೆ. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು.

"ಜಾಸ್ತಿನಾ? ಅಯ್ಯೋ, ಎಂಥ ಕೆಲ್ಸ ಮಾಡಿದ್ರಿ! ಕಮ್ಮಿ ಬಂದಿದ್ರೆ ಏನೂ ತೊಂದ್ರೆ ಇರ್ಲಿಲ್ಲ. ಸವೆದು ಹೋಯ್ತು ಅಂತ ಬರೀಬಹುದಿತ್ತು. ಗೆದ್ದಲು ತಿಂತು ಅಂತ ಬರೀಬಹುದಿತ್ತು."

"ಕಲ್ಲನ್ನ ಗೆದ್ದಲು ತಿನ್ನುತ್ತಾ ಸಾರ್?"

"ಹೋದ ವರ್ಷ ಕಬ್ಬಿಣದ ಬೀರು ತಿಂದಿದೆ. ನೀವೇ ಬರ್ದಿದೀರಿ." ಸಾಹೇಬರು ಹಣೆ ಒತ್ತಿಕೊಂಡರು. "ಜಾಸ್ತಿ ಬಂದ್ರೆ ಸಾವಿರ ಪ್ರಶ್ನೆ ಕಣ್ರೀ. ಎಲ್ಲಿಂದ ಬಂತು? ಯಾರು ತಂದ್ರು? ಯಾವ ಆದೇಶದ ಮೇಲೆ ನಿಲ್ಸಿದ್ರು? ಹೋಗ್ಲಿ, ಹೋದ ವರ್ಷ ಎಷ್ಟಿತ್ತು?"

"ಹದಿನೆಂಟು ಸಾರ್."

"ನೀವೇ ಹೋಗಿ ಎಣಿಸಿದ್ರಾ?"

ಭಾವ ನನ್ನ ಕಡೆ ನೋಡಿದರು. ನಾನು ಗಡಿಯಾರದ ಕೀಲಿಯನ್ನು ಅತಿಯಾಗಿ ತಿರುಗಿಸಿಬಿಟ್ಟೆ, ಸ್ಪ್ರಿಂಗು ಟಪ್ಪೆಂದಿತು.

"ಎಣಿಸಿದ್ರಿ ಅಂದ್ರೆ, ಒಂದು ವರ್ಷದಲ್ಲಿ ಆಳೆತ್ತರದ ಕಲ್ಲು ಹೇಗೆ ಹುಟ್ಟಿತು ಅಂತ ಕೇಳ್ತಾರೆ. ಎಣಿಸಿಲ್ಲ ಅಂದ್ರೆ, ಇಪ್ಪತ್ತೈದು ಸಹಿ ಸುಳ್ಳು ಅಂತಾರೆ. ಯಾವುದು ಬೇಕು ಹೇಳಿ." ಸಾಹೇಬರು ಒಳ್ಳೆಯವರೇ, ಆದರೆ ಅವರಿಗೂ ಕುರ್ಚಿಯ ಮೇಲೆ ಆಸೆ. ಮೇಲಿನ ಕಚೇರಿಗೆ ಬರೆದರು. ಅಲ್ಲಿಂದ ತನಿಖಾಧಿಕಾರಿ ಬಂದು ನೋಡುವವರೆಗೆ ಬಿಡುಗಡೆ ಪತ್ರ ಇಲ್ಲ, ಬೀಳ್ಕೊಡುಗೆ ಸಭೆಯೂ ಇಲ್ಲ. ಸಭೆಗೆಂದು ನನ್ನ ಅಂಗಡಿಯಿಂದಲೇ ಕೊಂಡಿದ್ದ ಗೋಡೆ ಗಡಿಯಾರವನ್ನು ವಾಪಸ್ ಕಳಿಸಿದರು. ನನಗೂ ಮುಖಭಂಗವಾಯಿತು.

ಅದೇ ದಿನ ಸಂಜೆ ನೆಂಟರು ಬಂದರು.

ಭಾವನ ಅಣ್ಣ ದೂರದ ಊರಿನ ಸಿಮೆಂಟು ಗೋದಾಮಿನಲ್ಲಿ ಮೇಸ್ತ್ರಿ. ತಮ್ಮನ ಬೀಳ್ಕೊಡುಗೆಗೆಂದು ಸಂಸಾರ ಸಮೇತ, ಗೋದಾಮಿನ ಲಾರಿಯ ಹಿಂಭಾಗದಲ್ಲಿ ಕೂತು ದಿನವಿಡೀ ಪ್ರಯಾಣ ಮಾಡಿ ಬಂದಿದ್ದರು. ತಲೆಯಿಂದ ಕಾಲಿನವರೆಗೆ ಬೂದುಬಣ್ಣ. ರೆಪ್ಪೆಯ ಮೇಲೂ ಸಿಮೆಂಟು. ಆಯಾಸಕ್ಕೆ ಒಬ್ಬರ ಬಾಯಲ್ಲೂ ಮಾತಿಲ್ಲ. ಮುಸ್ಸಂಜೆ ಬೆಳಕಿನಲ್ಲಿ ಒಬ್ಬರ ಹಿಂದೆ ಒಬ್ಬರು ಲಾರಿಯಿಂದ ಇಳಿದು, ಭಾರವಾಗಿ ಹೆಜ್ಜೆಯಿಡುತ್ತ ಟ್ಯಾಲಿ ಸಾಹೇಬರ ಮನೆಯೊಳಗೆ ಹೋದರು. ಎದುರು ಮನೆಯ ದರ್ಜಿಯ ಹೆಂಡತಿ ಕಿಟಕಿಯಿಂದ ಅದನ್ನು ನೋಡಿ, ಕೈಲಿದ್ದ ಹಾಲಿನ ಪಾತ್ರೆ ಬಿಟ್ಟಳು.

"ಬಂದ್ರು! ಕಲ್ಲುಗಳು ಬಂದ್ರು!"

ಬೀದಿ ತುಂಬ ಜನ ಸೇರಿದರು. ಯಾರೂ ಹತ್ತಿರ ಹೋಗಲಿಲ್ಲ.

"ಎಷ್ಟು ಜನ ಇದ್ರು?" ಎಂದು ಕ್ಷೌರಿಕ ಕೇಳಿದ.

"ಎಣಿಸೋಕೆ ನನಗೇನು ಹುಚ್ಚಾ?" ಎಂದಳು ದರ್ಜಿಯ ಹೆಂಡತಿ.

ಅವರು ಹನ್ನೊಂದು ಜನ ಇದ್ದರು. ನಮ್ಮ ಭಾವ ಬಾಗಿಲಲ್ಲೇ ಎಣಿಸಿದ್ದರು. ನಾನು ಬೀದಿಗೆ ಬಂದು, ಅವರು ನೆಂಟರು ಕಣ್ರಯ್ಯಾ, ಸಿಮೆಂಟು ಲಾರಿಯಲ್ಲಿ ಬಂದವರು ಎಂದು ಬಿಡಿಸಿ ಹೇಳಿದೆ. "ನಾವೂ ಅದೇ ಹೇಳ್ತಿರೋದು, ನೆಂಟರೇ ಬಂದಿರೋದು," ಎಂದರು. ಅವರನ್ನು ನಂಬಿಸುವುದು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಕ್ಕ ಕಿಟಕಿ ತೆರೆದು, ಪಕ್ಕದ ಮನೆಯವಳನ್ನು ದೊಡ್ಡ ಪಾತ್ರೆ ಕೊಡಮ್ಮಾ ಎಂದು ಕೂಗಿ ಕೇಳಿದಳು. ಅದನ್ನು ಕೇಳಿ ಇಬ್ಬರು ಓಡಿಯೇ ಹೋದರು.

ಈ ನೆಂಟರ ಊಟದ ವಿಷಯ ನಾನು ಹೇಳಬಾರದು, ನಮ್ಮವರೇ. ಆದರೂ ಹೇಳುತ್ತೇನೆ. ಭಾವನ ಅಣ್ಣ ಊಟಕ್ಕೆ ಕೂತರೆ ಪಾತ್ರೆಯ ತಳ ಕಾಣುವವರೆಗೆ ಮಾತಾಡುವವರಲ್ಲ, ಕಂಡ ಮೇಲೆ "ಇನ್ನೇನಿದೆ?" ಎಂದು ಒಂದೇ ಮಾತು ಆಡುವವರು. ಬೀಳ್ಕೊಡುಗೆ ಮುಂದೆ ಹೋಗಿದೆ ಎಂದು ಅಕ್ಕ ಮೆಲ್ಲಗೆ ಸೂಚಿಸಿದಳು.

"ಅದಕ್ಕೇನಮ್ಮಾ," ಎಂದರು ಅವರು, ಗೋಡೆಗೆ ಒರಗಿ. "ಸಭೆ ಆಗೋವರೆಗೂ ಇರ್ತೀವಿ. ಒಬ್ಬನೇ ತಮ್ಮ. ಅವನಿಗೆ ಬಿಡುಗಡೆ ಸಿಗದೆ ನಾವು ಹೆಂಗೆ ಹೋಗೋದು?"

ಅಕ್ಕ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಕೇಳಿದ್ಯೇನೋ? ಸಭೆ ಆಗೋವರೆಗೂ ಅಂತೆ! ಆ ಕಲ್ಲು ಎಣಿಸಬೇಡಿ ಅಂದ್ರೆ ಕೇಳಿದ್ರಾ? ಈಗ ನೋಡು, ಕಲ್ಲಿನ ಹಂಗೇ ಕೂತಿದ್ದಾರೆ!"

ಐದು ದಿನ ಕಳೆಯಿತು. ಊರಿನಲ್ಲಿ ಏನು ಕೆಟ್ಟರೂ ಕಾರಣ ಒಂದೇ ಆಯಿತು. ಬಸ್ಸು ತಡವಾದರೆ, ಕಲ್ಲಿಗೆ ನಂಬರು ಬರೆದದ್ದರಿಂದ. ದರ್ಜಿ ಅಂಗಿಗೆ ಒಂದೇ ತೋಳು ಹೊಲಿದದ್ದು ಅದರಿಂದಲೇ. ಶಾಲೆಯಲ್ಲಿ ಅರ್ಧ ತರಗತಿ ಲೆಕ್ಕದಲ್ಲಿ ಫೇಲಾಯಿತು, ಅದಕ್ಕೂ ಅದೇ ಕಾರಣವೆಂದು ಲೆಕ್ಕದ ಮೇಷ್ಟ್ರು ತಾವೇ ಮುಂದೆ ನಿಂತು ಸಾರಿದರು. ಭಾವ ಕಲ್ಲುಕುಟಿಗನನ್ನು ಕರೆಸಿ, ಗುಟ್ಟಾಗಿ ಒಂದು ಕಲ್ಲು ತೆಗೆದು ಬೇರೆ ಕಡೆ ಮಲಗಿಸೋಕಾಗುತ್ತಾ ಎಂದು ಕೇಳಿದರು. "ಎಣಿಸಿದೋರ ಮನೆಗೆ ಊಟಕ್ಕೆ ಬಂದಿದಾರೆ. ಎಬ್ಬಿಸಿದೋರ ಮನೆಗೆ ಮಲಗೋಕೆ ಬಂದ್ರೆ ಏನ್ ಮಾಡ್ಲಿ ಸ್ವಾಮಿ?" ಎಂದು ಅವನು ಉಳಿ ಎತ್ತಿಕೊಂಡು ಹೊರಟುಹೋದ.

ಆರನೆಯ ದಿನ ಊರಿನವರು ಗುಂಪಾಗಿ ಬಂದರು. ಮುಂದಾಳು ಕ್ಷೌರಿಕ.

"ಸಾರ್, ನೀವು ಎಣಿಸಿದ್ದನ್ನ ವಾಪಸ್ ತಗೋಬೇಕು."

"ಎಣಿಸಿದ್ದನ್ನ ವಾಪಸ್ ತಗೊಳ್ಳೋದು ಹೇಗಯ್ಯಾ?"

ಕ್ಷೌರಿಕ ಇದನ್ನೆಲ್ಲ ಯೋಚಿಸಿಕೊಂಡೇ ಬಂದಿದ್ದ. "ಹಿಂದಿನಿಂದ ಎಣಿಸಬೇಕು ಸಾರ್. ಹತ್ತೊಂಬತ್ತು, ಹದಿನೆಂಟು, ಹೀಗೆ ಒಂದರವರೆಗೆ. ಹೇಳ್ತಾ ಹೇಳ್ತಾ ನಂಬರೂ ಅಳಿಸಬೇಕು. ಕಣ್ಣು ಮುಚ್ಚಿರಬೇಕು, ನೋಡಿದ್ರೆ ಮತ್ತೆ ಎಣಿಸಿದ ಹಾಗಾಗುತ್ತೆ."

"ಇದೆಲ್ಲಾ ಯಾವ ಪುಸ್ತಕದಲ್ಲಿದೆ?"

"ನಮ್ಮ ಅಜ್ಜಿ ಹೇಳ್ತಿದ್ರು."

ಅವನ ಅಜ್ಜಿ ಅವನು ಹುಟ್ಟುವ ಮೊದಲೇ ತೀರಿಕೊಂಡವರು. ಆದರೆ ಆ ಹೊತ್ತಿನಲ್ಲಿ ಅದನ್ನು ಎತ್ತಿ ತೋರಿಸುವ ಧೈರ್ಯ ಯಾರಿಗಿತ್ತು? ಭಾವ ಸಿಟ್ಟಿನಿಂದ ಎಲ್ಲರನ್ನೂ ಆಚೆಗೆ ಕಳಿಸಿದರು.

ಆ ಸಂಜೆ ಭಾವ ಕಚೇರಿಯಿಂದ ಬಂದವರು ಮೆಟ್ಟಿಲು ಹತ್ತಿದರು, ಆದರೆ ಮೆಟ್ಟಿಲು ಎಣಿಸಲಿಲ್ಲ. ಮದುವೆಯಾದಂದಿನಿಂದ ಅಕ್ಕ ಆ ಎಣಿಕೆ ಕೇಳಿ ಕೇಳಿ ರೋಸಿಹೋಗಿದ್ದಳು. ಅಂದು ಕೇಳದೇ ಹೋದಾಗ ಅವಳ ಕೈಯಿಂದ ಸೌಟು ಜಾರಿತು. ಭಾವ ಒಂದು ಮೂಲೆಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು, "ನಾಳೆ ತನಿಖೆಯೋರು ಬರ್ತಾರಂತೆ. ಇಪ್ಪತ್ತೈದು ವರ್ಷ ಕೂತಲ್ಲೇ ಸಹಿ ಹಾಕ್ದೆ ಕಣೇ. ನಾಳೆ ಊರೋರ ಎದುರಿಗೆ ಅದು ಬಯಲಿಗೆ ಬರುತ್ತೆ. ಟ್ಯಾಲಿ ಸಾಹೇಬ ಸುಳ್ಳ ಅಂತಾರೆ." ಅವರ ಕಣ್ಣು ತುಂಬಿತ್ತು. ಬದುಕಿನಲ್ಲಿ ಆ ಮನುಷ್ಯನಿಗಿದ್ದದ್ದು ಆ ಒಂದು ಹೆಸರು.

ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ರೀ, ನಾಳೆ ಹಿಂದಿನಿಂದ ಎಣಿಸಿಬಿಡಿ. ಆ ಕ್ಷೌರದೋನು ಹೇಳಿದ ಹಾಗೇ. ಅಳಿಸೋಕೆ ನಾನು ಬರ್ತೀನಿ."

"ನಿನಗೂ ನಂಬಿಕೆನಾ?"

"ನಂಬಿಕೆ ಇಲ್ಲ, ಏನೂ ಇಲ್ಲ. ಹನ್ನೊಂದು ಜನಕ್ಕೆ ಆರು ದಿನದಿಂದ ಬೇಯಿಸ್ತಿದೀನಿ. ತಲೆಕೆಳಗಾಗಿ ನಿಂತು ಎಣಿಸಿ ಅಂದ್ರೂ ಎಣಿಸ್ತೀನಿ."

ಮರುದಿನ ತನಿಖಾಧಿಕಾರಿ ಬಂದರು. ಸಣಕಲು ಮನುಷ್ಯ, ದೊಡ್ಡ ಕೊಡೆ, ಅದಕ್ಕಿಂತ ದೊಡ್ಡ ಫೈಲು. ಸಾಹೇಬರು ದಾರಿಯುದ್ದಕ್ಕೂ ಅವರಿಗೆ ನೆಂಟರ ಕಥೆ ಹೇಳಿಕೊಂಡೇ ಕರೆತಂದಿದ್ದರು. ಊರೆಲ್ಲ ದಿಬ್ಬದ ಕೆಳಗೆ ಸೇರಿತ್ತು. ಭಾವನ ಅಣ್ಣನ ಸಂಸಾರವೂ ಬಂದಿತ್ತು. ಅವರು ನಿಂತ ಜಾಗದಿಂದ ಜನ ಹತ್ತು ಮಾರು ದೂರ ಸರಿದು ನಿಂತಿದ್ದರು. ಅಧಿಕಾರಿಗಳು ಒಬ್ಬರೇ ಮೇಲೆ ಹತ್ತಿ, ಸುತ್ತಿನೊಳಗೆ ತಲೆ ಹಾಕಿ, ಎದುರಿಗೆ ಕಂಡ "ಹತ್ತೊಂಬತ್ತು" ಓದಿ, ಅದಕ್ಕಿಂತ ದೊಡ್ಡ ನಂಬರು ಬೇರೆ ಯಾವುದೂ ಇಲ್ಲವೆಂದು ಖಚಿತ ಮಾಡಿಕೊಂಡು ಇಳಿದರು.

"ಹತ್ತೊಂಬತ್ತಿದೆ," ಎಂದರು.

"ತಾವೇ ಎಣಿಸಿದ್ರಾ ಸಾರ್?" ಎಂದರು ಸಾಹೇಬರು.

"ನಂಬರ್ ಓದ್ದೆ. ಓದೋದು ಬೇರೆ, ಎಣಿಸೋದು ಬೇರೆ." ಅಧಿಕಾರಿಗಳು ಕೊಡೆ ಬಿಚ್ಚಿದರು. "ನಮ್ಮದು ಬಾಡಿಗೆ ಮನೆ, ಚಿಕ್ಕದು."

ಆಗ ಕ್ಷೌರಿಕ ಮುಂದೆ ಬಂದು, ವಾಪಸ್ ತೆಗೆದುಕೊಳ್ಳುವ ಕಾರ್ಯ ಮೊದಲು ಆಗಲಿ ಎಂದ. ಜನವೆಲ್ಲ ಹೌದೆಂದಿತು. ಅಧಿಕಾರಿಗಳು ಫೈಲಿನಲ್ಲಿ ಹುಡುಕಿ, ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ ಎಂದರು. ನಾವು ಮೂವರು ಮೇಲಕ್ಕೆ ಹೋದೆವು. ಉಳಿದವರು ಕೆಳಗೇ ನಿಂತರು.

ಭಾವ ಕಣ್ಣು ಮುಚ್ಚಿಕೊಂಡು ನನ್ನ ಹೆಗಲು ಹಿಡಿದರು. ನಾನು ಅವರನ್ನು ನಡೆಸಿದೆ. ಹಿಂದೆ ಅಕ್ಕ, ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬಿ, ಇನ್ನೊಂದರಲ್ಲಿ ಒರಟು ಬಟ್ಟೆ. "ಹತ್ತೊಂಬತ್ತು!" ಎಂದು ಭಾವ ಕೂಗಿದರು. ಅಕ್ಕ ಉಜ್ಜಿದಳು. ಪುರಸಭೆ ಕೊಂಡ ಬಣ್ಣವಾದ್ದರಿಂದ ಎರಡು ಸಲ ಉಜ್ಜಿದರೆ ಬಿಟ್ಟುಕೊಂಡಿತು. "ಹದಿನೆಂಟು!" ಕೆಳಗಿನಿಂದ ಜನ ಮೆಲ್ಲಗೆ ದನಿಗೂಡಿಸಿದರು. "ಹದಿನೇಳು!" ಹೀಗೆ ಸುತ್ತಿನ ಒಳಗೊಳಗೇ ಎಂಟರವರೆಗೆ ಬಂದೆವು. ಅಲ್ಲಿಂದ ಭಾವನನ್ನು ಹೊರಗೆ ಕರೆದುಕೊಂಡು ಬಂದೆ, ಏಳರಿಂದ ಒಂದರವರೆಗಿನ ನಂಬರುಗಳು ಹೊರಮೈ ಮೇಲಿದ್ದವು. ಆರು, ಐದು, ನಾಲ್ಕು. ಭಾವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮೂರು. ಎರಡು.

"ಒಂದು!" ಎಂದರು ಭಾವ.

ಅಕ್ಕ ಕೊನೆಯ ಕಲ್ಲಿಗೆ ಬಟ್ಟೆ ಒತ್ತಿದಳು. ಸಟ್ಟನೆ ನಿಂತಳು. ಇನ್ನೂ ಉಜ್ಜದ ಕಲ್ಲಿನ ಅಂಚಿನಲ್ಲಿ ಆಗಲೇ ಸೀಮೆಎಣ್ಣೆ ಇಳಿದ ಗೆರೆಯಿತ್ತು. ಅವಳು ಕಲ್ಲಿನ ಪಕ್ಕದಿಂದ ಕತ್ತು ಚಾಚಿ ಅದರ ಒಳಮೈ ನೋಡಿದಳು. ಅಲ್ಲಿ, ಸ್ವಲ್ಪ ಹೊತ್ತಿನ ಹಿಂದೆ ಅವಳೇ ಹತ್ತೊಂಬತ್ತನ್ನು ಒರೆಸಿದ ಜಾಗ ಇನ್ನೂ ಒದ್ದೆಯಾಗಿತ್ತು.

ನಾನೂ ನೋಡಿದೆ. ನಮ್ಮ ಭಾವ ಬೆಳಿಗ್ಗೆ ಹೊರಗಿನಿಂದ ಒಂದು ಎಂದು ಬರೆದ ಕಲ್ಲಿಗೇ, ಸಂಜೆ ಒಳಗಿನಿಂದ ಸುತ್ತಿ ಬಂದು, ನಂಬರಿಲ್ಲದ ಕಲ್ಲೆಂದುಕೊಂಡು, ಹತ್ತೊಂಬತ್ತು ಎಂದು ಬರೆದಿದ್ದರು, ಆ ಗಾಬರಿಯಲ್ಲಿ ಪಕ್ಕದ ಕಲ್ಲನ್ನು ನೋಡದೆ ಅಲ್ಲಿಗೇ ಕುಂಚ ನಿಲ್ಲಿಸಿದ್ದರು. ಹತ್ತೊಂಬತ್ತನೆಯ ಕಲ್ಲು ಎಂಬುದೇ ಇರಲಿಲ್ಲ.

ಭಾವ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. "ಆಯ್ತಾ?" ಎಂದು ಮೆತ್ತಗೆ ಕೇಳಿದರು.

ಅಕ್ಕನ ಬಾಯಿ ತೆರೆಯಿತು. ಅವಳ ಮುಖದಲ್ಲಿ ಆರು ದಿನದ ಅಡುಗೆ, ಆರು ದಿನದ ಪಾತ್ರೆ, ಮದುವೆಯಾದಂದಿನಿಂದ ಕೇಳಿದ "ಟ್ಯಾಲಿ" ಎಲ್ಲ ಒಟ್ಟಿಗೆ ಬಂದು ನಿಂತವು. ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು, ಕೆಳಗಿದ್ದ ಊರು ಇನ್ನೊಂದು ತಲೆಮಾರು ನಗುತ್ತಿತ್ತು. ಅವಳು ಗಂಡನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಳು. ಆ "ಒಂದು" ಎಂಬುದನ್ನು ಗಸಗಸ ಉಜ್ಜಿ ತೆಗೆದು, "ಆಯ್ತು ರೀ, ಕಣ್ಣು ಬಿಡಿ," ಎಂದಳು.

ಕೆಳಗಿನಿಂದ ಅಧಿಕಾರಿಗಳು ಕೂಗಿದರು, "ಈಗ ಎಷ್ಟಿದೆ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲಿನ ಮೇಲೆ ಓದುವುದಕ್ಕೆ ನಂಬರಿರಲಿಲ್ಲ. ಸಾಹೇಬರು ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು.

"ನಾನು ಎಣಿಸ್ತೀನಿ," ಎಂದಳು ಅಕ್ಕ.

"ಬೇಡಮ್ಮಾ! ಮತ್ತೆ ಬರ್ತಾರೆ!" ಎಂದು ಕ್ಷೌರಿಕ ಅರಚಿದ.

"ಬರ್ಲಿ ಬಿಡಪ್ಪಾ. ಮನೇಲಿ ಕೂರೋಕೆ ಜಾಗ ಇದ್ರೆ ಕೂತ್ಕೊಳ್ಳಿ!"

ಅವಳು ಬೆರಳು ಚಾಚಿದಳು. ಕೆಳಗೆ ಇಡೀ ಊರು ಕಣ್ಣು ಮುಚ್ಚಿಕೊಂಡಿತು. ಅಕ್ಕ ಪ್ರತಿಯೊಂದು ಕಲ್ಲನ್ನೂ ಮುಟ್ಟಿ, ಗಟ್ಟಿಯಾಗಿ ಎಣಿಸುತ್ತ ಒಂದು ಸುತ್ತು ಬಂದಳು. ಮೊದಲ ಕಲ್ಲಿನ ಮೇಲೆ ಬಟ್ಟೆ ಹಾಕಿ ಗುರುತು ಇಟ್ಟಿದ್ದಳು. ಬಟ್ಟೆಯ ಹತ್ತಿರ ಬಂದು ನಿಂತಳು.

"ಹದಿನೆಂಟು!"

ಊರು ಕಣ್ಣು ಬಿಟ್ಟಿತು. ಆಮೇಲೆ ದಿಬ್ಬದ ಬುಡದಿಂದ ಎದ್ದ ಗದ್ದಲಕ್ಕೆ ಟ್ಯಾಂಕಿನ ಮೇಲಿನ ಪಾರಿವಾಳಗಳೆಲ್ಲ ಹಾರಿದವು. "ಒಬ್ಬರು ಎದ್ದು ಹೋದ್ರು! ವಾಪಸ್ ತಗೊಂಡಿದ್ದು ಕೆಲಸ ಮಾಡ್ತು!" ಕ್ಷೌರಿಕ ತನ್ನ ಅಜ್ಜಿಯನ್ನು ನೆನೆದು ಕಣ್ಣೊರೆಸಿಕೊಂಡ. ಅಧಿಕಾರಿಗಳು ಕೊಡೆಯ ಕೆಳಗೇ ಬರೆದುಕೊಂಡರು: "ಸ್ಥಳದಲ್ಲಿ ಎಣಿಸಲಾಗಿ ಹದಿನೆಂಟು. ಹೆಚ್ಚುವರಿ ಒಂದು, ತಾನಾಗಿ ಹೊರಟುಹೋಗಿದೆ. ಸರಿಯಿದೆ." ಭಾವ ಸುತ್ತಲೂ ನೋಡಿದರು. ಹೋದ ಕಲ್ಲು ಯಾವ ಕಡೆ ಹೋಯಿತೆಂದು ಹುಡುಕುವವರಂತೆ ದಿಬ್ಬದ ಆಚೆಗೂ ಇಣುಕಿದರು. ನಂತರ ಎದೆ ಸೆಟೆಸಿ, ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೂಗನ್ನು ಹೊರಗೆ ಬಿಟ್ಟರು.

"ಟ್ಯಾಲಿ!"

ಮೂರು ದಿನದಲ್ಲಿ ಬೀಳ್ಕೊಡುಗೆ ಸಭೆ ನಡೆಯಿತು. ನನ್ನ ಗಡಿಯಾರವನ್ನು ಮತ್ತೆ ಕೊಂಡರು. ಭಾವನ ಅಣ್ಣ ಸಭೆಯ ಬಿಸ್ಕತ್ತನ್ನೆಲ್ಲ ಮುಗಿಸಿ, "ಇನ್ನೇನಿದೆ?" ಎಂದು ಕೇಳಿ, ಏನೂ ಇಲ್ಲವೆಂದು ತಿಳಿದ ಮೇಲೆ ಸಂಸಾರ ಸಮೇತ ಲಾರಿ ಹತ್ತಿದರು. ಈಗ ಕ್ಷೌರಿಕ ಹೊಸಬರಿಗೆಲ್ಲ ಹೇಳುತ್ತಾನೆ, ಮೊದಲು ಅಲ್ಲಿ ಹತ್ತೊಂಬತ್ತು ಜನ ಇದ್ದರು, ಒಬ್ಬರ ಹೊಟ್ಟೆ ಟ್ಯಾಲಿ ಸಾಹೇಬರ ಮನೆಯಲ್ಲಿ ತುಂಬಿತು, ಅವರು ಎದ್ದು ಹೋದರು ಎಂದು. ಮೊನ್ನೆ ಆ ಪ್ರೊಫೆಸರು ಮತ್ತೆ ಬಂದವರು ಇದನ್ನು ಬರೆದುಕೊಂಡು ಹೋದರು.

ಹೋದ ವಾರ ಭಾವನ ಜಾಗಕ್ಕೆ ಬಂದ ಹೊಸ ಗುಮಾಸ್ತೆ ಸ್ಟಾಕ್ ರಿಜಿಸ್ಟರು ಹಿಡಿದುಕೊಂಡು ಮನೆಗೆ ಬಂದಿದ್ದಳು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ನಲವತ್ತೊಂದನೆಯ ಪುಟಕ್ಕೆ ಏನು ಮಾಡಲಿ ಸಾರ್ ಎಂದು ಕೇಳಿದಳು. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನೋಡಮ್ಮಾ, ನನ್ನ ಅನುಭವದಿಂದ ಹೇಳ್ತೀನಿ. ಕೂತಲ್ಲೇ ಸಹಿ ಹಾಕೋ ತಪ್ಪು ಮಾಡ್ಬೇಡ. ನಾನು ಇಪ್ಪತ್ತೈದು ವರ್ಷ ಆ ತಪ್ಪು ಮಾಡ್ದೆ. ಒಂದೇ ಒಂದು ಸಲ ಎದ್ದು ಹೋಗಿ ನೋಡಿದ್ದಕ್ಕೆ ಸತ್ಯ ಗೊತ್ತಾಯ್ತು."

ಹುಡುಗಿ ಹೆದರಿ ತಲೆಯಾಡಿಸಿದಳು. ಭಾವ ಕನ್ನಡಕ ತರಲು ಒಳಗೆ ಹೋದರು, ಹೋಗುತ್ತ ಹೆಜ್ಜೆ ಎಣಿಸುತ್ತಿದ್ದರು. ಅಕ್ಕ ಚಹಾದ ಲೋಟ ಆ ಹುಡುಗಿಯ ಕೈಗಿಟ್ಟು, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು, "ಅವರ ಮಾತು ಕೇಳ್ಬೇಡ ಕಣಮ್ಮಾ. ನೀನು ಕೂತಲ್ಲೇ ಸಹಿ ಹಾಕು. ಹಾಗೆ ಹಾಕಿದಾಗೆಲ್ಲ ಅವರದ್ದು ಸರಿಯಾಗೇ ಇತ್ತು."